ಕುರ್ಚಿಯಲ್ಲಿ ಕೂತವರ ಕೈಗೇ ಬೀಗದ ಕೀ ಬೇಡ

‘ಜನ ಓಟು ಹಾಕ್ತಾರೆ, ಅವರು ಗೆಲ್ತಾರೆ. ಎಷ್ಟು ಸಲವಾದರೂ ಆಳಲಿ, ನಿಮಗೇನು ಹೊಟ್ಟೆಯುರಿ?’ ದೇಶ ಆಳುವವರಿಗೆ ಇಂತಿಷ್ಟೇ ಅವಧಿ ಅಂತ ಮಿತಿ ಇರಬೇಕು ಅಂದಾಗಲೆಲ್ಲ ಈ ಮಾತು ಬರುತ್ತದೆ. ಹೀಗೆ ಕೇಳುವವರು ಒಮ್ಮೆ ಉಗಾಂಡಾ ಕಡೆ ನೋಡಬೇಕು.

ಅಲ್ಲಿ ಯೊವೆರಿ ಮುಸೆವೆನಿ ಬಂದೂಕು ಹಿಡಿದು ಅಧಿಕಾರಕ್ಕೆ ಬಂದದ್ದು 1986ರಲ್ಲಿ. ಆಫ್ರಿಕಾದ ಕಷ್ಟಕ್ಕೆ ಕುರ್ಚಿ ಬಿಡದ ನಾಯಕರೇ ಕಾರಣ ಎಂದು ಆ ವರ್ಷ ಹೇಳಿದವರು ಅವರೇ! 1995ರ ಸಂವಿಧಾನ ಅಧ್ಯಕ್ಷರಿಗೆ ಐದೈದು ವರ್ಷದ ಎರಡೇ ಅವಧಿ ಕೊಟ್ಟಿತು. 1996, 2001ರಲ್ಲಿ ಗೆದ್ದರು. ಎರಡನೆಯದು ಮುಗಿಯುವ ಮೊದಲೇ, 2005ರಲ್ಲಿ, ಸಂಸತ್ತು ಆ ಮಿತಿಯನ್ನೇ ಕಿತ್ತುಹಾಕಿತು. ಆಮೇಲೆ 75 ವರ್ಷದ ವಯೋಮಿತಿ ಅಡ್ಡ ಬಂತು. 2017ರಲ್ಲಿ ಅದೂ ಹೋಯಿತು.

2021ರಲ್ಲಿ ಮತ್ತೆ ಗೆದ್ದರು. ಹೇಗೆ? ಮತದಾನದ ಹಿಂದಿನ ದಿನವೇ ಇಂಟರ್ನೆಟ್ ಬಂದ್. ಓಟು ಮುಗಿದ ಮೇಲೆ ಎದುರಾಳಿ ಬೋಬಿ ವೈನ್ ಮನೆ ಸುತ್ತ ಸೈನಿಕರು. ಪೊಲೀಸು, ಸೈನ್ಯ, ಖಜಾನೆ ಎಲ್ಲ ಹತ್ತಾರು ವರ್ಷ ಒಬ್ಬರ ಕೈಯಲ್ಲೇ ಇದ್ದರೆ ಓಟು ಉಳಿಯುತ್ತದೆ, ಆಯ್ಕೆ ಉಳಿಯುವುದಿಲ್ಲ.

ಪಕ್ಕದ ತಾಂಜಾನಿಯಾದಲ್ಲಿ 1995, 2005, 2015ರಲ್ಲಿ ಅಧ್ಯಕ್ಷರು ಅವಧಿ ಮುಗಿಸಿ ಎದ್ದು ಹೋದರು. ಆಳುವ ಪಕ್ಷ ಬದಲಾಗಿಲ್ಲ, ವಿರೋಧಿಗಳ ಪಾಡು ಅಲ್ಲೂ ಕಷ್ಟವೇ. ಮಿತಿಯೊಂದರಿಂದಲೇ ಪ್ರಜಾಪ್ರಭುತ್ವ ಬರುವುದಿಲ್ಲ, ಒಪ್ಪೋಣ. ಆದರೆ ದೇಶ ಒಬ್ಬನ ಸ್ವಂತ ಆಸ್ತಿಯಂತೆ ಆಗಲಿಲ್ಲ.

ಮಿತಿ ಬರೆದಿಟ್ಟರೆ ಮಾತ್ರ ಸಾಲದು. 1951ರಲ್ಲಿ ಅಮೆರಿಕ ಎರಡು ಅವಧಿಯ ಮಿತಿ ತಂದಾಗ, ಅಧಿಕಾರದಲ್ಲಿದ್ದ ಟ್ರೂಮನ್‌ಗೆ ಅದು ಅನ್ವಯಿಸಲಿಲ್ಲ. ಬಿಗಿ ಮಾಡುವಾಗ ಇದ್ದವರನ್ನು ಬಿಟ್ಟರು. ಸಡಿಲ ಮಾಡುವಾಗಲೂ ಅದೇ ನ್ಯಾಯ ಇರಲಿ: ಮಿತಿ ತೆಗೆಯುವುದಾದರೆ ಅದರ ಲಾಭ ಮುಂದೆ ಬರುವವರಿಗೆ, ತೆಗೆದವರಿಗಲ್ಲ. ಈ ಒಂದು ಸಾಲು ಸಂವಿಧಾನದಲ್ಲಿದ್ದಿದ್ದರೆ ಉಗಾಂಡಾದ 2005ರ ತಿದ್ದುಪಡಿಯಿಂದ ಮುಸೆವೆನಿಗೆ ಏನೂ ಸಿಗುತ್ತಿರಲಿಲ್ಲ.

ನಮ್ಮಲ್ಲಿ ರಾಷ್ಟ್ರಪತಿಗೂ ಇಂಥ ಮಿತಿ ಇಲ್ಲ, ನಿಜವಾದ ಅಧಿಕಾರ ಇರುವ ಪ್ರಧಾನಿಗೂ ಇಲ್ಲ. ‘ಪ್ರಧಾನಿಯನ್ನು ಲೋಕಸಭೆ ಯಾವತ್ತು ಬೇಕಾದರೂ ಇಳಿಸಬಹುದಲ್ಲ’ ಎನ್ನುತ್ತಾರೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್ ಮೀರಿದ ಸಂಸದರು ಸೀಟೇ ಕಳೆದುಕೊಳ್ಳಬಹುದು. ಹಾಗಿದ್ದಾಗ ಸ್ವಂತ ಪಕ್ಷದವರು ಇಳಿಸುತ್ತಾರಾ?

ಯಾವ ಪಕ್ಷದವರೇ ಇರಲಿ, ಈ ಪ್ರಶ್ನೆ ಕೇಳಬೇಕು. ಇವತ್ತು ನಿಮಗೆ ಬೇಕಾದವರು ಕೂತಿದ್ದಾರೆ ಎಂದು ಸುಮ್ಮನಿದ್ದರೆ, ನಾಳೆ ಬೇಡದವರು ಕೂತಾಗ ಎಬ್ಬಿಸುವ ದಾರಿ ಇರುವುದಿಲ್ಲ.