ಸೊಂಟನೋವಿನ ಮಾತ್ರೆ: ಎಷ್ಟು ದಿನಕ್ಕೆ?

ಮಾತ್ರೆ ಪುರಾಣ, ಭಾಗ 9

ಸೊಂಟ ಹಿಡ್ಕೊಂಡ್ರೆ, ಕತ್ತು ಉಳುಕಿದ್ರೆ ಬರೆದುಕೊಡೋ ಸ್ಟ್ರಿಪ್‌ನ ಹಿಂಭಾಗ ಒಮ್ಮೆ ಓದಿ. ಅಸೆಕ್ಲೋಫಿನ್ಯಾಕ್ ಅಂತಲೋ ಎಟೋರಿಕಾಕ್ಸಿಬ್ ಅಂತಲೋ ಇರುತ್ತೆ, ಅದು ನೋವಿಗೆ. ಪಕ್ಕದಲ್ಲೇ ಎಷ್ಟೋ ಸಲ ಥಯೋಕಾಲ್ಚಿಕೊಸೈಡ್ ಇರುತ್ತೆ, 4 ಅಥವಾ 8 ಮಿ.ಗ್ರಾಂ. ಬಿಗಿದ ಸ್ನಾಯು ಸಡಿಲಿಸೋಕೆ. ನನ್ನ ತಕರಾರು ಇದರ ಮೇಲೆ.

ಇದರ ಮೂಲ ನಮಗೆ ಗೊತ್ತಿರೋ ಗಿಡವೇ. ಮಳೆಗಾಲದಲ್ಲಿ ಬೇಲಿಗೆ ಬೆಂಕಿ ಬಿದ್ದ ಹಾಗೆ ಅರಳುತ್ತಲ್ಲ, ಗೌರಿಹೂವು, ಅಗ್ನಿಶಿಖೆ, ಅದು. ಅದರ ಬೀಜಕ್ಕಾಗಿಯೇ ಪಕ್ಕದ ತಮಿಳುನಾಡಿನಲ್ಲಿ ಬೆಳೀತಾರೆ. ಗೆಡ್ಡೆ ತಿಂದ್ರೆ ಪ್ರಾಣಕ್ಕೇ ಸಂಚಕಾರ. ಆ ವಿಷದ ಹೆಸರು ಕಾಲ್ಚಿಸಿನ್. ಜೀವಕೋಶ ಎರಡಾಗುವಾಗ ಕ್ರೋಮೋಸೋಮುಗಳನ್ನು ಆಚೀಚೆ ಎಳೆಯೋ ಎಳೆಗಳನ್ನೇ ಅದು ಕಟ್ಟೋಕೆ ಬಿಡಲ್ಲ. (ಹಿಪ್ಪುನೇರಳೆ ತಳಿ ಪ್ರಯೋಗಗಳಲ್ಲಿ ಕ್ರೋಮೋಸೋಮು ದುಪ್ಪಟ್ಟು ಮಾಡೋಕೆ ಬಳಸಿದ್ದೂ ಇದನ್ನೇ. ಗಿಡದ ಮಾತು ಬೇರೆ ಬಿಡಿ.)

ಮಾತ್ರೆಯಲ್ಲಿರೋದು ಕಾಲ್ಚಿಸಿನ್ ಅಲ್ಲ, ಅದರ ದಾಯಾದಿ. ನುಂಗಿದ ಮೇಲೆ ಸಕ್ಕರೆ ಅಂಶ ಕಳಚಿಕೊಂಡು 3-ಡೀಮೀಥೈಲ್‌ಥಯೋಕಾಲ್ಚಿಸಿನ್ ಆಗುತ್ತೆ. ಅದು ಮತ್ತೆ ಇನ್ನೊಂದು ರೂಪಕ್ಕೆ ತಿರುಗಿದಾಗಲೇ ಸ್ನಾಯು ಸಡಿಲಿಸೋ ಗುಣ ಬರೋದು. ಅಂದ್ರೆ ಕೆಲಸ ಮಾಡೋದು ಮೊಮ್ಮಗ, ತಂಟೆ ಮಾಡೋದು ಮಗ! ಆ ನಡುವಿನ ವಸ್ತು, ದಿನಾ ಎರಡು ಸಲ 8 ಮಿ.ಗ್ರಾಂ. ನುಂಗಿದಾಗ ರಕ್ತದಲ್ಲಿ ಸಿಗೋ ಪ್ರಮಾಣಕ್ಕೆ ಹತ್ತಿರದ ಮಟ್ಟದಲ್ಲೇ, ವಿಭಜನೆಯಾಗೋ ಕೋಶಗಳಲ್ಲಿ ಕ್ರೋಮೋಸೋಮು ಲೆಕ್ಕ ತಪ್ಪಿಸಿದ್ದು ಪ್ರಯೋಗಗಳಲ್ಲಿ ಕಂಡಿತು. ಲೆಕ್ಕ ತಪ್ಪಿದ್ರೆ ಭ್ರೂಣಕ್ಕೆ ಹಾನಿ, ಗರ್ಭಪಾತ, ಗಂಡಸರ ಫಲವತ್ತತೆ ಕುಗ್ಗೋ ಅಪಾಯ; ಕ್ಯಾನ್ಸರ್‌ನ ಸಾಧ್ಯತೆಯನ್ನೂ ತಳ್ಳಿಹಾಕೋ ಹಾಗಿಲ್ಲ.

2013ರ ನವೆಂಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆ ಕಡಿವಾಣ ಹಾಕಿತು. ಮಾತ್ರೆ 7 ದಿನ, ಇಂಜೆಕ್ಷನ್ 5 ದಿನ, ಅಷ್ಟೇ. 16 ವರ್ಷದ ಒಳಗಿನವರಿಗೆ ಬೇಡ. ಬಸುರಿಯರಿಗೆ, ಹಾಲೂಡಿಸೋ ತಾಯಂದಿರಿಗೆ, ಗರ್ಭನಿರೋಧಕ ಬಳಸದ ಹೆರಿಗೆ ವಯಸ್ಸಿನವರಿಗೆ ಕೂಡದು. ಫಿಟ್ಸ್ ಇರೋರಿಗೂ ಅಪಾಯ.

ಈಗ ನಮ್ಮ ಮೈಸೂರಿಗೆ ಬನ್ನಿ. ನೆಲದ ಮೇಲೆ ಕೂತು ದಿನವಿಡೀ ಅಗರಬತ್ತಿ ಹೊಸೆಯೋ ಹೆಣ್ಮಕ್ಕಳಿದ್ದಾರೆ. ಅವರ ಸೊಂಟನೋವು ಏಳು ದಿನಕ್ಕೆ ಮುಗಿಯೋದಲ್ಲ. ಹಳೇ ಚೀಟಿ ಹಿಡಿದು "ಅದೇ ಮಾತ್ರೆ ಇನ್ನೊಂದು ಹತ್ತು ಕೊಡಿ ಅಣ್ಣಾ" ಅಂದ್ರೆ ಕೊಟ್ಟುಬಿಡೋದು ಸಲೀಸು. "ಮುಟ್ಟು ನಿಂತಿದ್ಯಾ ಅಕ್ಕಾ?" ಅಂತ ಕೌಂಟರ್‌ನಲ್ಲಿ ನಾಲ್ಕು ಜನರ ಮುಂದೆ ಯಾರು ಕೇಳ್ತಾರೆ? ಆದ್ದರಿಂದಲೇ ಆ ಪ್ರಶ್ನೆ ಡಾಕ್ಟರ ಕೋಣೆಯಲ್ಲೇ ಮುಗಿಯಬೇಕು, ಚೀಟಿಯಲ್ಲಿ ದಿನಗಳ ಲೆಕ್ಕ ಕಾಣೋ ಹಾಗೆ ಬರೀಬೇಕು, ಸ್ಟ್ರಿಪ್ ಮೇಲೆ "ಗರ್ಭಿಣಿಯರು ಸೇವಿಸಬಾರದು, 7 ದಿನ ಮೀರಬಾರದು" ಅಂತ ಕನ್ನಡದಲ್ಲೇ ಅಚ್ಚಾಗಬೇಕು. ಔಷಧ ಮುಚ್ಚಿಹಾಕಿ ಅಂತ ನಾನು ಹೇಳ್ತಿಲ್ಲ. ಬಿಗಿದ ಬೆನ್ನಿನ ಕಷ್ಟ ನನಗೂ ಗೊತ್ತು.

ಎರಡು ದಿನ ನುಂಗಿದೋರು ಗಾಬರಿ ಆಗ್ಬೇಡಿ. ಬಸುರಿಯಾಗಿದ್ದು ನುಂಗಿದ್ರೆ, ಅಥವಾ ಅನುಮಾನ ಇದ್ರೆ, ಇವತ್ತೇ ನಿಮ್ಮ ಡಾಕ್ಟರಿಗೆ ಹೇಳಿ. ಸ್ಟ್ರಿಪ್ ಜೊತೇಲಿ ಒಯ್ಯಿರಿ.

#ಮಾತ್ರೆಪುರಾಣ #ಮೈಸೂರು #ಸೊಂಟನೋವು