ತಂಗಿ ಅನ್ನಬೇಡಿ, ಬಿಲ್ ಚುಕ್ತಾ ಮಾಡಿ

"ನೀನು ನಮ್ಮ ತಂಗಿ ಇದ್ದಂಗೆ ಕಣಮ್ಮ. ಸ್ವಲ್ಪ ಸುಧಾರಿಸ್ಕೋ."

ಹೀಗೆ ಅಂದವರು ನನಗೆ 64,000 ರೂಪಾಯಿ ಕೊಡಬೇಕಿದ್ದ ಸಂಸ್ಥೆಯ ಹಿರಿಯ ಪಾಲುದಾರರು. ಬೆಂಗಳೂರಿನ ಪೀಣ್ಯದಲ್ಲಿ ಅಣ್ಣ ತಮ್ಮ ಸೇರಿ ನಡೆಸುವ ಪಂಪ್‌ಸೆಟ್ ಕಾರ್ಖಾನೆ ಅದು. ಅವರ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನು. ಕೆಲಸ ಹೇಳಿದ್ದು ತಮ್ಮ. ನಾನು ಒಪ್ಪಿಸಿದ ತಿಂಗಳೊಳಗೆ ಕೈಪಿಡಿ ಅಚ್ಚಾಗಿ, ಪಂಪಿನ ಪೆಟ್ಟಿಗೆಯಲ್ಲಿ ಕೂತು ಹಳ್ಳಿ ಸೇರಿತು. ಅಷ್ಟರಲ್ಲಿ ಅಣ್ಣ ತಮ್ಮಂದಿರಿಗೆ ಜಗಳ ಹತ್ತಿತು. ಚೆಕ್ಕಿಗೆ ಇಬ್ಬರ ಸಹಿಯೂ ಬೇಕು. ಒಬ್ಬರು ಹಾಕಿದ್ದಕ್ಕೆ ಇನ್ನೊಬ್ಬರು ಹಾಕುವುದಿಲ್ಲ.

ತಮ್ಮನಿಗೆ ಫೋನ್ ಮಾಡಿದರೆ "ಅಣ್ಣನ್ನ ಕೇಳಿ ಮೇಡಂ." ಅಣ್ಣನ ಬಳಿ ಹೋದರೆ "ಕೆಲಸ ಹೇಳಿದವನ್ನ ಕೇಳಮ್ಮ." ಹೀಗೆ ಐದು ತಿಂಗಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಆ ಗಾದೆ ಹೇಳಿ ನನ್ನನ್ನು ಸಮಾಧಾನ ಮಾಡಿದವರೂ ಇದ್ದರು. ಆದರೆ ನಾನು ಆ ಮನೆಯ ಕೂಸಲ್ಲ. ಮಗಳ ಕಾಲೇಜು ಫೀಸಿಗೆ ಬಳೆ ಅಡವಿಟ್ಟವಳು. ಅವರ ಜಗಳಕ್ಕೆ ನಾನು ಬಡ್ಡಿ ಕಟ್ಟುತ್ತಿದ್ದೆ.

ಇಷ್ಟಾದರೂ ಕಾರ್ಖಾನೆಯ ದೀಪ ಉರಿಯುತ್ತಿತ್ತು. ಬೆಸ್ಕಾಂ ಬಿಲ್ಲಿನ ಚೆಕ್ಕಿಗೆ ಎರಡೂ ಸಹಿ ತಪ್ಪದೆ ಬೀಳುತ್ತಿದ್ದವು. ಇಲ್ಲದಿದ್ದರೆ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ನನ್ನ ಕೈಯಲ್ಲಿ ಕೀಳಲು ಫ್ಯೂಸ್ ಇರಲಿಲ್ಲ. ಹಾಗಾಗಿ ನಾನು ತಂಗಿಯಾದೆ.

ಒಂದು ದಿನ ಅಣ್ಣನೇ ಕರೆದು ದಾರಿ ತೋರಿಸಿದರು. "ತಮ್ಮ ಇದನ್ನ ತನ್ನ ಸ್ವಂತಕ್ಕೆ ಮಾಡಿಸ್ಕೊಂಡ, ಸಂಸ್ಥೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ಒಂದು ಕಾಗದ ಬರ್ಕೊಡು. ನಾಳೆನೇ ನನ್ನ ಖಾತೆಯಿಂದ ದುಡ್ಡು ಹಾಕ್ತೀನಿ." ಆ ರಾತ್ರಿ ಬರೆಯಲು ಕೂತಿದ್ದೆ ಎನ್ನಲು ನಾಚಿಕೆಯಾಗುತ್ತದೆ. ಎರಡು ಸಾಲು ಬರೆದು ಹರಿದುಹಾಕಿದೆ. ನನ್ನ ಕೂಲಿ ಪಡೆಯಲು ನಾನೇ ಸುಳ್ಳುಸಾಕ್ಷಿ ಆಗಬೇಕೇ?

ಮರುದಿನ ತೆರಿಗೆಯ ಫಾರ್ಮ್ 26ಎಎಸ್ ತೆಗೆದು ನೋಡಿದೆ. ನನ್ನ ಹೆಸರಿನಲ್ಲಿ ಅದೇ ಸಂಸ್ಥೆ ಶೇಕಡಾ 10ರಂತೆ 6,400 ರೂಪಾಯಿ ಟಿಡಿಎಸ್ ಕಟ್ಟಿತ್ತು! ಅಂದರೆ ನನ್ನ ಬಿಲ್ ಸಂಸ್ಥೆಯದೇ ಎಂದು ಆದಾಯ ತೆರಿಗೆ ಇಲಾಖೆಗೆ ಗೊತ್ತು, ಅವರ ಲೆಕ್ಕಿಗರಿಗೆ ಗೊತ್ತು. ಅಣ್ಣನಿಗೆ ಮಾತ್ರ ಗೊತ್ತಿಲ್ಲ.

ಕಾನೂನು ಇದರಲ್ಲಿ ತಡವರಿಸುವುದಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 25ನೇ ಕಲಮಿನ ಪ್ರಕಾರ ಸಂಸ್ಥೆಯ ವ್ಯವಹಾರಕ್ಕೆ ಪಾಲುದಾರರೆಲ್ಲರೂ ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರಾಗಿಯೂ ಹೊಣೆ. "ಅವನನ್ನ ಕೇಳು" ಎಂಬುದು ಉತ್ತರವೇ ಅಲ್ಲ.

ನಮ್ಮ ತಪ್ಪೂ ಇದೆ. ನಾನು ಬರಹದಲ್ಲಿ ಒಪ್ಪಂದ ಮಾಡಿಕೊಂಡಿರಲಿಲ್ಲ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ಉದ್ಯಮ್ ನೋಂದಣಿಗೆ ಒಂದು ಪೈಸೆ ಖರ್ಚಿಲ್ಲ, ಅದನ್ನೂ ಮಾಡಿಸಿರಲಿಲ್ಲ. ಮೊದಲೇ ಮಾಡಿಸಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ನನ್ನ ಬೆನ್ನಿಗಿರುತ್ತಿತ್ತು. ಒಪ್ಪಂದ ಏನೇ ಇರಲಿ, ಪಾವತಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಿಡಿ ಕೆಲಸ ಮಾಡುವ ನಮ್ಮಂಥವರ ಫ್ಯೂಸ್ ಇದು. ಇಟ್ಟುಕೊಳ್ಳದೆ ಇದ್ದವರು ನಾವು.

"ಮನೆ ಒಡೆಯುತ್ತಿರುವಾಗ ದುಡ್ಡು ಕೇಳುವುದು ಮನುಷ್ಯತ್ವವೇ?" ಎಂದು ಗೆಳತಿ ಕೇಳಿದಳು. ಅವರ ನೋವು ನಿಜವಿರಬಹುದು. ಅದಕ್ಕೆ ಕನಿಕರ ಪಡಬಲ್ಲೆ, ಸಾಲ ಕೊಡಲಾರೆ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನವಾದರೆ ಅಣ್ಣನ ಕೈ ಬಿಗಿಯಿದ್ದ ವರ್ಷ ತಂಗಿ ಸುಮ್ಮನಿರುತ್ತಾಳೆ. ನಾನು ಕೇಳಿದ್ದು ಬಾಗಿನವಲ್ಲ, ಕೂಲಿ.

ಕೊನೆಗೆ ವಕೀಲರಿಂದ ಒಂದೇ ನೋಟಿಸು ಬರೆಸಿ, ಟಿಡಿಎಸ್ ದಾಖಲೆ ಲಗತ್ತಿಸಿ, ಇಬ್ಬರ ಮನೆಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಹನ್ನೊಂದನೇ ದಿನ 57,600 ರೂಪಾಯಿಯ ಚೆಕ್ ಬಂತು. ಬಡ್ಡಿ ಬರಲಿಲ್ಲ. ಸಹಿ ಎರಡೂ ಇದ್ದವು.

ಅಣ್ಣ ತಮ್ಮ ಇವತ್ತಿಗೂ ಮಾತು ಬಿಟ್ಟಿದ್ದಾರಂತೆ. ಬಿಡಲಿ. ಬಿಲ್ ಕಟ್ಟಲು ಅವರು ರಾಜಿಯಾಗಬೇಕಾದ್ದೇ ಇರಲಿಲ್ಲ.