ಎಳೆಯ ಮಕ್ಕಳೂ ಇಂಗ್ಲಿಷ್ ನುಡಿಗಟ್ಟುಗಳೂ

ಪಟ್ಟಣದ ಪ್ರಾಥಮಿಕ ಶಾಲೆಗಳ ಮಕ್ಕಳು ಸಂಜೆಯ ಹೊತ್ತು ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದನ್ನು ನಮ್ಮ ವಾಚಕ ಮಹಾಶಯರಲ್ಲಿ ಅನೇಕರು ತಮ್ಮ ಮನೆಗಳಲ್ಲಿಯೇ ಕೇಳಿರಬಹುದು. ಎಡಗಡೆಯಲ್ಲಿ ನುಡಿಗಟ್ಟು, ಬಲಗಡೆಯಲ್ಲಿ ಅದರ ಅರ್ಥ. ಪರೀಕ್ಷೆಯಲ್ಲಿ ಒಂದಕ್ಕೊಂದನ್ನು ಹೊಂದಿಸಿ ಬರೆಯತಕ್ಕದ್ದು. ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂದರೆ ಜೋರಾದ ಮಳೆ. ‘ಎ ಪೀಸ್ ಆಫ್ ಕೇಕ್’ ಎಂದರೆ ಸುಲಭವಾದ ಕೆಲಸ. ಒಂಬತ್ತು ವರ್ಷದ ಬಾಲಕನು ಇಂತಹ ಇಪ್ಪತ್ತು ಮಾತುಗಳನ್ನು ತಡೆಯಿಲ್ಲದೆ ಒಪ್ಪಿಸಿದಾಗ ತಂದೆತಾಯಿಗಳಿಗೆ ಆಗುವ ಸಂತೋಷವು ಸಹಜವಾದುದೇ. ಆದರೆ ಅದೇ ಬಾಲಕನನ್ನು, ನಿನಗೆ ನೆಗಡಿಯಾಗಿದೆಯೆಂದು ಇಂಗ್ಲಿಷಿನಲ್ಲಿ ಹೇಳು ನೋಡೋಣ, ಎಂದು ಕೇಳಿದರೆ ಅವನು ಮೌನ ತಾಳುವ ಸಂಭವವೇ ಹೆಚ್ಚು.

ಇಂಗ್ಲಿಷ್ ಬೇಡವೆಂಬುದು ನಮ್ಮ ವಾದವಲ್ಲ. ಆ ಚರ್ಚೆಯು ವಸ್ತುತಃ ಮುಗಿದುಹೋಗಿದೆ. 2007–08ನೆಯ ಸಾಲಿನಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಏರ್ಪಾಡಾಯಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಸರ್ಕಾರವು ಬಲಾತ್ಕಾರವಾಗಿ ಗೊತ್ತುಮಾಡಲಾಗದೆಂದು ತೀರ್ಪಿತ್ತಿತು. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಕೂಲಿಕಾರನೂ ಸಣ್ಣ ಹಿಡುವಳಿಯ ರೈತನೂ ತಮ್ಮ ಮಕ್ಕಳಿಗೆ ಈ ವಿದ್ಯೆಯನ್ನು ಬಯಸುತ್ತಾರೆ; ಉದ್ಯೋಗದ ಬಾಗಿಲುಗಳು ಹೇಗೆ ತೆರೆಯುತ್ತವೆಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆದುದರಿಂದ ಈಗ ಕೇಳಬೇಕಾದುದು, ಕಲಿಸುವೆವೆಂದು ಮಾತುಕೊಟ್ಟ ಮೇಲೆ ನಾವು ನಿಜವಾಗಿ ಕಲಿಸುತ್ತಿದ್ದೇವೆಯೇ ಎಂಬುದನ್ನೇ.

ನುಡಿಗಟ್ಟೆಂಬುದು ಪದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಸಿಕ್ಕುವ ವಸ್ತುವಲ್ಲ. ನಮ್ಮ ಕನ್ನಡದಲ್ಲಿ ‘ಕೈಕೊಟ್ಟನು’ ಎಂದರೆ ನಂಬಿಸಿ ಮೋಸಮಾಡಿದನೆಂದು ಅರ್ಥ. ಇಂಗ್ಲಿಷಿನವನು ‘ಗಿವ್ ಎ ಹ್ಯಾಂಡ್’ ಎಂದರೆ ಸಹಾಯಮಾಡೆಂದು ಅರ್ಥ. ಪದಗಳು ಅವೇ, ಕೈಯೂ ಅದೇ, ಕೊಡುವುದೂ ಅದೇ. ಅರ್ಥವು ಮಾತ್ರ ಉತ್ತರಧ್ರುವ ದಕ್ಷಿಣಧ್ರುವ. ‘ಕಾಲಿಗೆ ಬುದ್ಧಿ ಹೇಳಿದನು’ ಎಂಬುದನ್ನು ಪರದೇಶದವನಿಗೆ ಪದಶಃ ತಿಳಿಸಿದರೆ, ಕನ್ನಡಿಗರು ತಮ್ಮ ಕಾಲುಗಳಿಗೆ ನೀತಿಬೋಧೆ ಮಾಡುವ ವಿಚಿತ್ರ ಜನವೆಂದು ಅವನು ತಿಳಿದಾನು. ನಮ್ಮ ಮಗುವಿಗೆ ಈ ಮಾತಿನ ಅರ್ಥವನ್ನು ಯಾರೂ ಎರಡು ಕಾಲಮಿನ ಪಟ್ಟಿಯಲ್ಲಿ ಹೇಳಿಕೊಡಲಿಲ್ಲ. ಅಜ್ಜಿಯು ಕಳ್ಳನ ಕಥೆ ಹೇಳುವಾಗ, ಕಳ್ಳನು ಓಡಿದ ಕ್ಷಣದಲ್ಲಿಯೇ ಅದು ಮಗುವಿನ ಕಿವಿಗೆ ಬಿದ್ದಿತು. ಅರ್ಥವು ತಾನಾಗಿ ನಿಂತಿತು.

ಕಿಟ್ಟೆಲರ ದೃಷ್ಟಾಂತವನ್ನು ನೆನೆಯಬಹುದು. ಜರ್ಮನಿಯ ಆ ಪಂಡಿತರು 1853ರಲ್ಲಿ ಈ ದೇಶಕ್ಕೆ ಬಂದು, ಜನರ ಮಾತನ್ನು ದಶಕಗಳ ಕಾಲ ಕಿವಿಗೊಟ್ಟು ಕೇಳಿ, 1894ರಲ್ಲಿ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಪದಕ್ಕೆ ಅರ್ಥ ಹೇಳಿ ಸುಮ್ಮನಾಗದೆ ಗಾದೆಗಳನ್ನೂ ಬಳಕೆಯ ಮಾತುಗಳನ್ನೂ ಅದರಲ್ಲಿ ಧಾರಾಳವಾಗಿ ಉದಾಹರಿಸಿದರು. ಪ್ರೌಢ ವಿದ್ವಾಂಸನೊಬ್ಬನು ಪರಭಾಷೆಯ ನುಡಿಗಟ್ಟನ್ನು ಸೇರಿದ ದಾರಿ ಅದು. ಒಂಬತ್ತು ವರ್ಷದ ಹುಡುಗನು ಒಂದು ಸಂಜೆಯಲ್ಲಿ ಇಪ್ಪತ್ತನ್ನು ಸೇರಬೇಕೆಂದು ನಾವು ವಿಧಿಸುತ್ತಿದ್ದೇವೆ!

ಇನ್ನೊಂದು ವಿಷಯವುಂಟು. ಪಟ್ಟಿಗಳಲ್ಲಿ ಮೆರೆಯುವ ನುಡಿಗಟ್ಟುಗಳಲ್ಲಿ ಅನೇಕವು ಅಲಂಕಾರದ ಒಡವೆಗಳು. ನಿತ್ಯ ಉಡುವ ಬಟ್ಟೆಗಳಲ್ಲ. ಬೆಕ್ಕುನಾಯಿಗಳ ಮಳೆಯ ಮಾತನ್ನು ಈಗ ಇಂಗ್ಲೆಂಡಿನವರೇ ಅಪರೂಪವಾಗಿ ಆಡುತ್ತಾರೆ. ಅದರ ಹುಟ್ಟು ಹೇಗಾಯಿತೆಂಬುದರಲ್ಲಿ ಅಲ್ಲಿನ ವಿದ್ವಾಂಸರಿಗೇ ಏಕಾಭಿಪ್ರಾಯವಿಲ್ಲ. ‘ನ್ಯೂಕಾಸಲ್ಲಿಗೆ ಕಲ್ಲಿದ್ದಲು ಹೊರುವುದು’ ಎಂಬ ಮಾತಿನ ಸ್ವಾರಸ್ಯವು, ಆ ಊರಿನಿಂದ ಲಂಡನ್ನಿಗೆ ಶತಮಾನಗಳ ಕಾಲ ಹಡಗುಗಳಲ್ಲಿ ಕಲ್ಲಿದ್ದಲು ಹೋಗುತ್ತಿತ್ತೆಂಬುದನ್ನು ತಿಳಿದವನಿಗೆ ಮಾತ್ರ. ಆಗುಂಬೆಯ ಮಗುವಿಗೆ ಮಳೆಯೆಂದರೇನೆಂಬುದು ಚೆನ್ನಾಗಿ ಗೊತ್ತು. ಕುಂಭದ್ರೋಣ ಮಳೆಯೆಂಬ ಮಾತೂ ಗೊತ್ತು. ಅದಕ್ಕೆ ಮೊದಲು ಬೇಕಾದ ಇಂಗ್ಲಿಷ್ ‘ಇಟ್ ಈಸ್ ರೈನಿಂಗ್ ಹೆವಿಲಿ’ ಎಂಬಷ್ಟೇ.

ನಿಜವಾಗಿ ಮಕ್ಕಳನ್ನು ತೊಡಕಿಗೆ ಸಿಕ್ಕಿಸುವ ನುಡಿಗಟ್ಟುಗಳು ಬೇರೆ ಇವೆ. ಅವು ಚಿಕ್ಕವು, ಯಾವ ಆಡಂಬರವೂ ಇಲ್ಲದವು. ಆದಕಾರಣವೇ ಪಟ್ಟಿಗೆ ಸೇರುವುದಿಲ್ಲ. ‘ಪುಟ್’ ಎಂದರೆ ಇಡು ಎಂದು ಹುಡುಗನು ಕಲಿತಿರುತ್ತಾನೆ. ಆಮೇಲೆ ‘ಪುಟ್ ಆನ್’ ಎಂದರೆ ತೊಡುವುದು, ‘ಪುಟ್ ಆಫ್’ ಎಂದರೆ ಮುಂದೂಡುವುದು, ‘ಪುಟ್ ಔಟ್’ ಎಂದರೆ ದೀಪ ಆರಿಸುವುದು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು! ನಮ್ಮ ‘ಹಾಕು’ ಎಂಬ ಧಾತುವೂ ಹೀಗೆಯೇ ಆಟವಾಡುತ್ತದೆ: ಬಟ್ಟೆ ಹಾಕುತ್ತೇವೆ, ಲೆಕ್ಕ ಹಾಕುತ್ತೇವೆ, ಹೊಂಚು ಹಾಕುತ್ತೇವೆ, ಸಭೆಯನ್ನು ಮುಂದಕ್ಕೆ ಹಾಕುತ್ತೇವೆ. ಬಲ್ಲ ಉಪಾಧ್ಯಾಯನು ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಮಗುವಿಗೆ ನಗುವೂ ಬರುತ್ತದೆ, ತಿಳಿವಳಿಕೆಯೂ ಬರುತ್ತದೆ. ಕನ್ನಡದಲ್ಲಿ ನೆಗಡಿ ನಮಗೆ ‘ಆಗುತ್ತದೆ’. ಇಂಗ್ಲಿಷಿನವನು ನೆಗಡಿಯನ್ನು ಆಸ್ತಿಯಂತೆ ‘ಹೊಂದಿರುತ್ತಾನೆ’. ಇಂತಹ ಭೇದಗಳಲ್ಲಿಯೇ ಆ ಭಾಷೆಯ ಜೀವವಿದೆ. ಹಾರ್ನ್‌ಬಿ ಎಂಬ ಇಂಗ್ಲಿಷ್ ಉಪಾಧ್ಯಾಯರು ಜಪಾನಿನಲ್ಲಿ ಪಾಠ ಹೇಳಿ ಪಡೆದ ಅನುಭವದಿಂದ, ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಪರಭಾಷಿಕನಿಗೆ ಪದದ ಅರ್ಥದಷ್ಟೇ ಆ ಪದವು ಯಾವ ಪದದೊಡನೆ ಹೇಗೆ ಕೂಡುತ್ತದೆಂಬುದೂ ಮುಖ್ಯವೆಂಬುದು ಅದರ ಆಧಾರ. ಆಕ್ಸ್‌ಫರ್ಡಿನ ಹೆಸರಿನಲ್ಲಿ ಇಂದು ವಿದ್ಯಾರ್ಥಿಗಳ ಮೇಜಿನ ಮೇಲಿರುವ ನಿಘಂಟಿನ ಮೂಲವು ಅದೇ.

ಈ ಲೋಪದಿಂದ ನಷ್ಟವಾಗುವುದು ಯಾರಿಗೆ? ಅಧಿಕಾರಿಯ ಮಗುವಿಗಲ್ಲ. ಅದು ಮನೆಯಲ್ಲಿ ಇಂಗ್ಲಿಷನ್ನು ಕೇಳುತ್ತದೆ, ಚಿತ್ರದ ಪುಸ್ತಕಗಳನ್ನು ಓದುತ್ತದೆ. ಪಟ್ಟಿಯು ಅದಕ್ಕೆ ಊಟದ ಮೇಲಿನ ತಾಂಬೂಲವಿದ್ದಂತೆ. ಆದರೆ ಬೀಡಿ ಕಟ್ಟುವ ತಾಯಿಯ ಮಗುವಿಗೆ ಶಾಲೆಯ ಆ ಒಂದು ಪಾಠದ ವೇಳೆಯೇ ದಿನದ ಇಂಗ್ಲಿಷೆಲ್ಲವೂ. ಅಷ್ಟನ್ನೂ ತಾಂಬೂಲಕ್ಕೆ ವ್ಯಯಮಾಡಿ ಅನ್ನವಿಲ್ಲದೆ ಎಬ್ಬಿಸುವುದನ್ನು ನಾವು ಅನ್ಯಾಯವೆಂದೇ ಕರೆಯುತ್ತೇವೆ. ಅಂತಹ ಮಗುವು ಹತ್ತು ವರ್ಷ ಇಂಗ್ಲಿಷ್ ಓದಿ, ಕೆಲಸದ ಸಂದರ್ಶನದಲ್ಲಿ ಬಾಯಿ ತೆರೆಯಲಾರದೆ ನಿಂತಾಗ, ಕನ್ನಡ ಶಾಲೆಯಲ್ಲಿ ಓದಿದುದೇ ತಪ್ಪೆಂಬ ಅಪವಾದವು ನಿರಪರಾಧಿಯಾದ ಕನ್ನಡದ ಮೇಲೆ ಬೀಳುತ್ತದೆ.

ನುಡಿಗಟ್ಟುಗಳು ದೇಶದಿಂದ ದೇಶಕ್ಕೆ ಬರಬಾರದೆಂದೇನೂ ಇಲ್ಲ. ‘ಬೆಳಕು ಚೆಲ್ಲು’, ‘ಹಸಿರು ನಿಶಾನೆ’ ಮೊದಲಾದುವು ಇಂಗ್ಲಿಷಿನಿಂದ ಬಂದು ನಮ್ಮ ಪತ್ರಿಕೆಗಳಲ್ಲಿ ಒಕ್ಕಲಾಗಿವೆ. ಅವುಗಳನ್ನು ತಂದವರು ಎರಡು ಭಾಷೆಗಳನ್ನೂ ಬಲ್ಲವರು. ಶ್ರೀ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದುಕೊಂಡೇ ಆ ಭಾಷೆಯ ಗೀತಗಳನ್ನು ಕನ್ನಡದ ಜಾಯಮಾನಕ್ಕೆ ಒಗ್ಗಿಸಿದರು.

ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಪ್ರಾಥಮಿಕ ತರಗತಿಗಳ ಪರೀಕ್ಷೆಗಳಲ್ಲಿ ನುಡಿಗಟ್ಟುಗಳನ್ನು ಹೊಂದಿಸಿ ಬರೆಯುವ ಪ್ರಶ್ನೆಯನ್ನು ಕೈಬಿಡಲಿ. ಪ್ರಶ್ನೆಯು ಹೋದರೆ ಪಟ್ಟಿಯೂ ತಾನಾಗಿ ಹೋದೀತು. ಆ ವೇಳೆಯಲ್ಲಿ ಉಪಾಧ್ಯಾಯರು ವಾರಕ್ಕೊಂದು ಚಿಕ್ಕ ಕಥೆಯನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ ಹೇಳಲಿ, ಮಕ್ಕಳಿಂದ ಅಭಿನಯಿಸಿಸಲಿ. ಕಥೆಯಲ್ಲಿ ಬಂದ ಒಂದೆರಡು ಬಳಕೆಯ ಮಾತುಗಳನ್ನು ಕನ್ನಡದ ಸಮಾನ ಮಾತುಗಳೊಡನೆ ತೋರಿಸಲಿ. ಹಾಗೆ ಓದಿ ಹೇಳಬಲ್ಲ ಧೈರ್ಯವು ಮೊದಲು ಉಪಾಧ್ಯಾಯರಿಗೆ ಬರಬೇಕು. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಇರುವುದೇ ಉಪಾಧ್ಯಾಯರ ತರಬೇತಿಗಾಗಿ. ಅಲ್ಲಿಗೆ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳವರನ್ನು ಕಳುಹಿಸುವಾಗ, ಅವರ ಶಾಲೆಗಳು ಬೀಗ ಹಾಕಿಕೊಂಡಿರದಂತೆ ಬದಲಿ ಉಪಾಧ್ಯಾಯರನ್ನು ಒದಗಿಸುವ ಹೊಣೆಯು ಇಲಾಖೆಯದು.